ಲಿಂಬಿ ಎಲೆಯ ವಾಸನೆ

ಸೀತನಿ ಸುಡಲಿಕ್ಕೆ ಉರಿ ಬೇಡ, ಕೆಂಡ ಬೇಕು. ಕುಳ್ಳು ಹೊತ್ತಿ, ಹೊಗೆ ಆರಿ, ಮೇಲೆ ಬೂದಿ ಕಟ್ಟಿ ಒಳಗೆ ಕೆಂಪಗೆ ಕೂತ ಮೇಲೆ ಹಾಲುಗಾಳಿನ ಜೋಳದ ತೆನೆಯನ್ನು ದಂಟು ಹಿಡಿದು ಅದರೊಳಗೆ ಇಳಿಸಬೇಕು. ಅವಸರ ಮಾಡಿದರೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ. ಹದ ಬಂದ ತೆನೆಯನ್ನು ಬಿಸಿಬಿಸಿ ಇದ್ದಾಗಲೇ ತಿಕ್ಕಿ, ಕಾಳು ಬಿಡಿಸಿ, ಹೊಟ್ಟು ಊದಿ, ಶೇಂಗಾ ಹಿಂಡಿಯೊಂದಿಗೋ ಬೆಲ್ಲದೊಂದಿಗೋ ಬಾಯಿಗೆ ಹಾಕಿಕೊಂಡರೆ ಮಾತು ತಾನಾಗಿ ನಿಲ್ಲುತ್ತದೆ. ಹೋದ ಎಳ್ಳಮಾಸಿ ಆದ ಮೇಲೆ ಬಬಲೇಶ್ವರದ ಹತ್ತಿರ ನಮ್ಮ ಅಕ್ಕನ ಹೊಲದಲ್ಲಿ ಹೀಗೆ ಕೂತಿದ್ದೆವು. ಡೋಣಿ ಬೆಳೆದರೆ ಓಣೆಲ್ಲ ಜೋಳ ಎನ್ನುವ ಡೋಣಿ ಹೊಳೆಯ ಸೀಮೆ ಅದು. ಎರಿ ಭೂಮಿ, ಆಳೆತ್ತರದ ಬಿಳಿಜೋಳ, ರಾತ್ರಿ ಇಳಿದರೆ ಎಲುಬಿಗೆ ನಾಟುವ ಥಂಡಿ.

ಅಕ್ಕನ ಮಗ ಬೆಂಕಿಯಿಂದ ಸ್ವಲ್ಪ ದೂರ ಕೂತಿದ್ದ. ಹತ್ತೊಂಬತ್ತು ವರ್ಷ. ಆಗಾಗ ಅಂಗೈಯಿಂದ ಎಡಗಡೆಯ ಎದೆ ತಿಕ್ಕಿಕೊಳ್ಳುತ್ತಿದ್ದ. ಭಾವ ಆ ಕಡೆ ನೋಡಿದ ಕೂಡಲೇ ಕೈ ಕೆಳಗೆ. ಆ ಕೈ ನನಗೆ ಗುರುತಿತ್ತು. ಭಾವ ತೆನೆ ಮುರಿದು ತರಲು ಹೋದಾಗ ಅವನು ನನ್ನ ಹತ್ತಿರ ಸರಿದ.

"ಮಾಮಾ, ಎದ್ಯಾಗ ಏನೋ ಹಿಡದಂಗ ಆಗ್ಲಾಕತ್ತದ. ಅಪ್ಪಗ ಹೇಳಬ್ಯಾಡ."

ಮೊದಲನೇ ಮಾತಿಗಿಂತ ಎರಡನೇ ಮಾತು ನನಗೆ ಹೆಚ್ಚು ತಿಳಿಯಿತು. ಎಷ್ಟು ಸೇದ್ತಿ ಎಂದು ನಾನು ಕೇಳಲಿಲ್ಲ. ಬೆಂಕಿ ಕೆದಕುತ್ತ ನನ್ನದೇ ಕಥೆ ಹೇಳಿದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ; ಅವನ ಮುಂದೆ ಹೇಳಲು ನಾಚಿ ಬಿಟ್ಟಿದ್ದ ಒಂದೆರಡು ಸಂಗತಿಗಳನ್ನೂ ಸೇರಿಸಿ.

ಬಿಜಾಪುರ ಹೋಗಿ ವಿಜಯಪುರ ಎಂದು ಬೋರ್ಡು ಬದಲಾದದ್ದು 2014ರ ನವೆಂಬರ್ 1ಕ್ಕೆ. ನಾನು ಸಿಗರೇಟು ಹಿಡಿದದ್ದೂ ಅದೇ ಚಳಿಗಾಲದಲ್ಲಿ. ಟಿಕೋಟಾದಿಂದ ಡಿಗ್ರಿ ಓದಲು ಬಂದು ನಾಲ್ಕು ಜನ ಸೇರಿ ಒಂದು ರೂಮು ಮಾಡಿದ್ದೆವು. ಸಂಜೆ ಚಹಾದಂಗಡಿಯ ಮುಂದೆ ಎರಡು ಕಟ್ ಚಾ, ನಾಲ್ಕು ಜನ. ಒಂದು ಸಿಗರೇಟು, ಅದೂ ನಾಲ್ಕು ಜನಕ್ಕೆ. ಪಕ್ಕದ ಪಾನ್ ಅಂಗಡಿಯ ಕಂಬಕ್ಕೆ ದಾರ ಕಟ್ಟಿ ಲೈಟರು ತೂಗಿಬಿಟ್ಟಿರುತ್ತಿದ್ದರು. ಆ ಲೈಟರಿಗೆ ಕೈ ಚಾಚುವುದೇ ಒಂದು ಗತ್ತು. ಮೊದಲ ದಿನ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಮುಂದಿನ ವರ್ಷದ ಹೊತ್ತಿಗೆ ನಾನು ಯಾರ ಜೊತೆಗೂ ಹಂಚಿಕೊಳ್ಳುತ್ತಿರಲಿಲ್ಲ.

ಡಿಗ್ರಿಯ ಕೊನೆಯ ವರ್ಷ ಹುಬ್ಬಳ್ಳಿ ಕಡೆಯ ಗೆಳೆಯನೊಬ್ಬ ಬಂದಿದ್ದನೆಂದು ಗೋಳಗುಮ್ಮಟ ಹತ್ತಿದೆವು. ವಿಜಯಪುರದವರು ಪರ ಊರಿನವರು ಬಂದಾಗ ಮಾತ್ರ ಗುಮ್ಮಟ ಹತ್ತುತ್ತೇವೆ. ಮೂಲೆಯ ಮಿನಾರಿನ ಒಳಗಿನ ಮೆಟ್ಟಿಲು ಇಕ್ಕಟ್ಟು, ಕಡಿದು. ಏಳು ಅಂತಸ್ತು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನನಗೆ ಏದುಸಿರು. ಶಾಲೆಯ ಮಕ್ಕಳು ಕಿರುಚುತ್ತ ನನ್ನನ್ನು ದಾಟಿ ಹೋದರು. ಮೇಲೆ ಪಿಸುಮಾತಿನ ಗ್ಯಾಲರಿಗೆ ಕಾಲಿಟ್ಟವನೇ ಕೆಮ್ಮಿದೆ. ಆದಿಲ್‌ಶಾಹಿ ಕಾಲದ ಆ ಗುಮ್ಮಟಕ್ಕೆ ಗೌರವ ಮುಲಾಜು ಇಲ್ಲ. ಕೊಟ್ಟದ್ದನ್ನು ಏಳು ಸಲ ತಿರುಗಿ ಕೊಡುತ್ತದೆ. ನನ್ನ ಕೆಮ್ಮು ಸುತ್ತು ಹಾಕಿ ಹಾಕಿ ಬಂತು. ಬೇರೆಯವರ ಎದೆಯಿಂದ ಬಂದಂತೆ, ಮುದುಕನೊಬ್ಬ ಆ ತುದಿಗೆ ಕೂತು ಕೆಮ್ಮಿದಂತೆ ಕೇಳಿಸಿತು. ಗೆಳೆಯರು ನಕ್ಕರು. ನಾನೂ ನಕ್ಕೆ. ಕೆಳಗಿಳಿದು ಹೊರಗೆ ಬಂದು ಮತ್ತೊಂದು ಹಚ್ಚಿದೆ.

ಡಿಗ್ರಿ ಮುಗಿದ ಮೇಲೆ ಟಿಕೋಟಾಕ್ಕೆ ಬಂದು ದ್ರಾಕ್ಷಿ ತೋಟಕ್ಕೆ ನಿಂತೆ. ಅಪ್ಪ ಆಗಲೇ ಇರಲಿಲ್ಲ. ನಲವತ್ತೆಂಟನೇ ವಯಸ್ಸಿಗೆ, ಒಂದು ಬೆಳಗಿನ ಜಾವ ಎದೆ ಉರಿ ಎಂದ. ಗ್ಯಾಸ್ ಇರಬೇಕೆಂದು ಮನೆಯವರು ಸೋಡಾ ಕುಡಿಸಿದರು. ಬಿಸಿಲು ಏರುವಷ್ಟರಲ್ಲಿ ಮುಗಿದಿತ್ತು. ಬೀಡಿ ಸೇದುವ ಮನುಷ್ಯ. ಮನೆಗೆ ಕಾಕಾನೇ ಹಿರಿಯ. ಕಾಕಾನಿಗೆ ಬೀಡಿ ಸಿಗರೇಟಿನ ಚಟ ಇಲ್ಲ, ಆದರೆ ಸೊಂಟದಲ್ಲಿ ಚಂಚಿ, ಚಂಚಿಯಲ್ಲಿ ತಂಬಾಕು ಸುಣ್ಣ. ನಮ್ಮ ಕಡೆ ಅದನ್ನು ಚಟ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕರ್ನಾಟಕದಲ್ಲಿ ತಂಬಾಕು ಸೇದುವವರಿಗಿಂತ ಅಗಿಯುವವರೇ ಹೆಚ್ಚು ಎಂದು 2016-17ರ ರಾಷ್ಟ್ರೀಯ ಸಮೀಕ್ಷೆ ಹೇಳಿದ್ದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಕಟ್ಟೆಯ ಮೇಲೆ ಕೂತವರನ್ನು ಎಣಿಸಿದರೂ ಅದೇ ಲೆಕ್ಕ ಬರುತ್ತದೆ.

ಕಾಕಾನ ಎದುರು ಸಿಗರೇಟು ಸೇದುವುದೆಂದರೆ ಕಪಾಳಕ್ಕೆ ಹೊಡೆದಂತೆ. ಅಪ್ಪ, ಕಾಕಾ, ಗುರುಗಳು ಕಂಡರೆ ಅಂಗೈಯೊಳಗೆ ಕೆಂಡ ಮುಚ್ಚಿಕೊಂಡಾದರೂ ಮರೆಮಾಡುವುದು ನಮ್ಮಲ್ಲಿ ಮರ್ಯಾದೆ. ಸೇದುವುದು ತಪ್ಪಲ್ಲ, ಸೇದಿದ್ದು ಕಾಣುವುದು ತಪ್ಪು. ನಾನು ತೋಟದ ಪಂಪ್‌ಸೆಟ್ಟಿನ ಕೋಣೆಯ ಹಿಂದೆ ಸೇದುತ್ತಿದ್ದೆ. ಆಮೇಲೆ ಬೇಲಿಯ ಆಚೆ ಬಾಜೂದವರ ಲಿಂಬಿ ಗಿಡದಿಂದ ನಾಲ್ಕು ಎಲೆ ಹರಿದು ಬೆರಳಿಗೆ ತಿಕ್ಕಿ, ಎರಡು ಬಾಯಿಗೆ ಹಾಕಿ ಅಗಿದು ಉಗುಳುತ್ತಿದ್ದೆ. ಪರಿಪಾಟ ಎಷ್ಟು ರೂಢಿಯಾಗಿತ್ತೆಂದರೆ ಲಿಂಬಿ ವಾಸನೆ ಮೂಗಿಗೆ ಬಂದರೆ ಸಾಕು, ಸೇದಬೇಕೆನಿಸುತ್ತಿತ್ತು.

ಎದೆ ಮೊದಲು ಮಾತಾಡಿದ್ದು ಒಣದ್ರಾಕ್ಷಿ ಹಂಗಾಮಿನಲ್ಲಿ. ಹಸಿ ದ್ರಾಕ್ಷಿಯನ್ನು ಎಣ್ಣೆ-ಪೊಟ್ಯಾಸಿಯಂ ಕಾರ್ಬೊನೇಟಿನ ನೀರಿನಲ್ಲಿ ಅದ್ದಿ, ಶೆಡ್ಡಿನಲ್ಲಿ ಬಲೆಯ ಅಟ್ಟಣಿಗೆಗಳ ಮೇಲೆ ಹರಡಿದರೆ ಎರಡು ವಾರಕ್ಕೆ ಒಣಗುತ್ತದೆ. ಬಣ್ಣ ಬಂಗಾರದಂತೆ ನಿಲ್ಲಲಿ ಎಂದು ಗಂಧಕದ ಹೊಗೆ ಕೊಡುತ್ತಾರೆ. 2021ರ ಮಾರ್ಚಿನಲ್ಲಿ ಆ ಹೊಗೆ ಪೂರ್ತಿ ಹೊರಹೋಗುವ ಮೊದಲೇ ನಾನು ಒಳಗೆ ನುಗ್ಗಿದೆ. ಎದೆಯನ್ನು ಯಾರೋ ಹಗ್ಗ ಹಾಕಿ ಬಿಗಿದಂತಾಯಿತು. ಹೊರಗೆ ಬಂದು, ಉಸಿರು ಸರಿಹೋಗಲೆಂದು, ಸಿಗರೇಟು ಹಚ್ಚಿದೆ! ಇದನ್ನು ಅಳಿಯನಿಗೆ ಹೇಳಿದಾಗ ಅವನು ನಗಲಿಲ್ಲ. ಸೇದುವವನಿಗೆ ಇದರಲ್ಲಿ ನಗುವಂಥದ್ದು ಏನೂ ಕಾಣಿಸುವುದಿಲ್ಲ.

ಅದೇ ವರ್ಷದ ಅಕ್ಟೋಬರ್. ಕೊರೊನಾದ ಎರಡನೇ ಅಲೆ ಊರನ್ನು ಉಜ್ಜಿ ಹೋಗಿ ನಾಲ್ಕೈದು ತಿಂಗಳಾಗಿತ್ತು. ಯಾರು ಕೆಮ್ಮಿದರೂ ನಾಲ್ಕು ತಲೆ ತಿರುಗುತ್ತಿದ್ದ ಕಾಲ. ನಮ್ಮ ತೋಟದಲ್ಲಿ ಹಣ್ಣಿನ ಚಾಟ್ನಿ ನಡೆದಿತ್ತು. ದ್ರಾಕ್ಷಿ ಚಾಟ್ನಿ ಎಂದರೆ ಇಡೀ ದಿನ ಎರಡೂ ಕೈ ಮೇಲೆ. ಚಪ್ಪರದ ಕೆಳಗೆ ಕುತ್ತಿಗೆ ಎತ್ತಿ, ಕತ್ತರಿ ಹಿಡಿದು, ಕಣ್ಣು ಎಣಿಸಿ ಕಡ್ಡಿ ಕತ್ತರಿಸುತ್ತ ಹೋಗಬೇಕು. ಅದರ ಬೆನ್ನಿಗೆ ಕಣ್ಣು ಒಡೆಯಲೆಂದು ಹೈಡ್ರೋಜನ್ ಸೈನಮೈಡಿನ ಪೇಸ್ಟು ಹಚ್ಚುವುದು. ಆ ಪೇಸ್ಟು ಹಚ್ಚಿದ ದಿನ ಸೆರೆ ಕುಡಿಯಬಾರದೆಂದು ಕೂಲಿಗೆ ಬರುವ ಹೆಂಗಸರೂ ಬಲ್ಲರು. ಕುಡಿದರೆ ಮುಖ ಕೆಂಪೇರಿ, ಎದೆ ಡವಡವ ಹೊಡೆದು, ಉಸಿರು ಕಟ್ಟುತ್ತದೆ. ನಾನು ಕುಡಿಯುವವನಲ್ಲ. ಆದ್ದರಿಂದ ನನಗೇನೂ ಆಗುವುದಿಲ್ಲ ಎಂದು ಧೈರ್ಯ.

29ನೇ ತಾರೀಕು, ಶುಕ್ರವಾರ. ಮೂರು ದಿನದಿಂದ ಎಡಗಡೆಯ ಎದೆಯಲ್ಲಿ ಚುಚ್ಚುತ್ತಿತ್ತು. ಕೈ ಎತ್ತಿದಾಗ ಹೆಚ್ಚು, ಇಳಿಸಿದಾಗ ಕಡಿಮೆ. ಚಪ್ಪರದಡಿ ಹುಡುಗನೊಬ್ಬ ಮೊಬೈಲಿನಲ್ಲಿ ಹಾಡು ಹಚ್ಚಿದ್ದ. ಮಧ್ಯಾಹ್ನ ಊಟ ಮುಗಿದ ಮೇಲೆ ಹಾಡು ನಿಂತಿತು. ಚಾರ್ಜ್ ಹೋಗಿರಬೇಕು ಎಂದುಕೊಂಡೆ. ತಿರುಗಿ ನೋಡಿದರೆ ಅವನು ಬದುವಿನ ಮೇಲೆ ಕೂತು ಮೊಬೈಲು ನೋಡುತ್ತಿದ್ದ. "ಅಪ್ಪು ಹೋದ್ನಂತ್ರೀ" ಎಂದ.

ಯಾರೂ ನಂಬಲಿಲ್ಲ. ಪುನೀತ್ ರಾಜ್‌ಕುಮಾರ್ 46 ವರ್ಷದ, ದಿನಾ ವ್ಯಾಯಾಮ ಮಾಡುವ ಗಟ್ಟಿ ಮನುಷ್ಯ. ಬೆಳಿಗ್ಗೆ ಎದೆಯಲ್ಲಿ ಏನೋ ಕಸಿವಿಸಿ ಎಂದು ಡಾಕ್ಟರ ಹತ್ತಿರ ಹೋದವರು ಮಧ್ಯಾಹ್ನಕ್ಕೆ ಇಲ್ಲ. ಚಾಟ್ನಿಯ ಆಳುಗಳು ಕತ್ತರಿ ಕೆಳಗಿಟ್ಟರು. ಅರ್ಧ ದಿನದ ಕೂಲಿ ಹೋದರೂ ಯಾರೂ ಮಾತಾಡಲಿಲ್ಲ. ಮನೆಗೆ ಬಂದು ಟಿವಿ ಮುಂದೆ ಕೂತರೆ ಅದೇ ಸುದ್ದಿ, ಅದೇ ಮುಖ, ಅದೇ ನಗು. ಅವ್ವ ಸೆರಗಿನಿಂದ ಕಣ್ಣೊರಸಿಕೊಂಡು ಅಳುತ್ತಿದ್ದಳು. ನಡುನಡುವೆ ಡಾಕ್ಟರುಗಳು ಬಂದು ಎದೆನೋವಿನ ಲಕ್ಷಣ ಹೇಳುತ್ತಿದ್ದರು. ಒಂದೊಂದು ಲಕ್ಷಣ ಹೇಳಿದ ಹಾಗೆ ಅದು ನನ್ನ ಮೈಗೆ ಬಂದು ಕೂಡುತ್ತಿತ್ತು. ಎಡಗೈ ಜುಮುಜುಮು ಎಂದಿತು. ಅಂಗೈ ತಣ್ಣಗಾಯಿತು. ಉಸಿರು ತುದಿ ಮುಟ್ಟುತ್ತಿಲ್ಲ ಎನಿಸಿ ಮತ್ತೆ ಮತ್ತೆ ಎಳೆದುಕೊಂಡೆ. ಗಾಬರಿಯಲ್ಲಿ ಹಾಗೆ ಜಗ್ಗಿ ಜಗ್ಗಿ ಉಸಿರೆಳೆದರೇ ಕೈ ಜುಮುಗುಡುತ್ತದೆ ಎಂದು ಆಗ ಗೊತ್ತಿರಲಿಲ್ಲ.

ರಾತ್ರಿ ಹತ್ತೂವರೆಗೆ ಪಂಪ್‌ಸೆಟ್ಟಿನ ಕಡೆ ಹೋಗಿ ಸಮಾಧಾನಕ್ಕೆಂದು ಒಂದು ಹಚ್ಚಿದೆ. ನಾಲ್ಕು ದಮ್ಮು ಎಳೆಯುವಷ್ಟರಲ್ಲಿ ಎದೆಬಡಿತ ಕಿವಿಯಲ್ಲಿ ಕೇಳತೊಡಗಿತು. ಮುಗಿಯಿತು, ನಾನೂ ಅಪ್ಪನ ದಾರಿ ಹಿಡಿದೆ ಎಂದುಕೊಂಡೆ. ಇಲ್ಲಿ ಅಳಿಯನಿಗೆ ಹೇಳದೆ ಬಿಟ್ಟ ಸಂಗತಿ ಇದೆ. ಸಾಯುತ್ತಿದ್ದೇನೆ ಎಂದು ಖಾತ್ರಿಯಾದ ಆ ಗಳಿಗೆಯಲ್ಲೂ ನಾನು ಮನೆಯ ಕಡೆ ಓಡಲಿಲ್ಲ. ಮೊದಲು ಬೇಲಿಗೆ ಹೋದೆ. ಕತ್ತಲಲ್ಲಿ ತಡಕಾಡಿ ಲಿಂಬಿ ಎಲೆ ಹರಿದೆ, ಕೈಗೆ ಮುಳ್ಳು ಗೀರಿತು, ಎಲೆ ತಿಕ್ಕಿದೆ, ಅಗಿದೆ, ಉಗುಳಿದೆ. ಆಮೇಲೆ ಕಾಕಾನನ್ನು ಎಬ್ಬಿಸಿದೆ.

"ಕಾಕಾ, ಎದಿ ನೋಯ್ಲಾಕತ್ತದ. ಗ್ಯಾಸ್ ಇರಬೇಕು, ಒಂದು ಸೋಡಾ..."

ಸೋಡಾ ಎಂಬ ಮಾತು ಕೇಳಿದ್ದೇ ಕಾಕಾನ ಮುಖ ಬೇರೆಯಾಯಿತು. "ಸೋಡಾ ಬ್ಯಾಡ. ಗಾಡಿ ಚಾವಿ ಎಲ್ಲಿ?" ಎಂದ. ಅಂಗಿ ಹಾಕಿಕೊಂಡನೇ ಹೊರತು ಚಂಚಿ ಸಿಕ್ಕಿಸಿಕೊಳ್ಳಲಿಲ್ಲ. ಅವನು ಚಂಚಿ ಮರೆತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಟಿಕೋಟಾದಿಂದ ವಿಜಯಪುರಕ್ಕೆ ಅಥಣಿ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಕಾಕಾ ಗಾಡಿ ಹೊಡೆದ. ಹಿಂದೆ ಕೂತು ಅವನ ಹೆಗಲ ಮೇಲೆ ಕೈ ಇಟ್ಟಿದ್ದೆ. ಇಬ್ಬರ ಮುಖಕ್ಕೂ ಮಾಸ್ಕು. ದಾರಿಯಲ್ಲಿ ಒಂದೇ ಒಂದು ಸಲ, ವೇಗ ತಗ್ಗಿಸಿ, "ಮಾತಾಡಕೋತ ಇರು" ಎಂದ. ಏನು ಮಾತಾಡಲಿ? ಚಾಟ್ನಿ ಇನ್ನೆಷ್ಟು ಸಾಲು ಉಳಿದಿದೆ ಎಂದು ಎಣಿಸುತ್ತ ಹೋದೆ. ಊರ ದೀಪ ಕಾಣುವವರೆಗೆ ಅದನ್ನೇ ಎಣಿಸಿದೆ.

ದೊಡ್ಡ ದವಾಖಾನೆ. ತುರ್ತು ವಿಭಾಗದ ಹೊರಗೆ ಬೆಂಚಿನ ಮೇಲೆ ನನ್ನ ವಯಸ್ಸಿನವರೇ ಐದಾರು ಹುಡುಗರು, ಪಕ್ಕದಲ್ಲಿ ಒಬ್ಬೊಬ್ಬ ಹಿರಿಯ. ಎಲ್ಲರ ಕೈಯೂ ಎದೆಯ ಮೇಲೆ. ಆ ವಾರ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆಯೂ ಎದೆ ತೋರಿಸಲು ಬಂದವರ ಸಾಲು ಬೆಳೆದಿತ್ತೆಂದು ಆಮೇಲೆ ಪತ್ರಿಕೆಯಲ್ಲಿ ಓದಿದೆ. ಒಬ್ಬ ನಟ ಸತ್ತದ್ದಕ್ಕೆ ಇಡೀ ನಾಡಿನ ಗಂಡಸರು ಮೊದಲ ಸಲ ತಮ್ಮ ಎದೆಯ ಕಡೆ ನೋಡಿಕೊಂಡರು.

ಇಸಿಜಿ ತೆಗೆಯುವವನು ಅಂಗಿ ಬಿಚ್ಚಿಸಿ, ತಣ್ಣನೆಯ ಅಂಟು ಹಚ್ಚಿ, ಎದೆಯ ಮೇಲೆ ಆರು ರಬ್ಬರಿನ ಬುಗ್ಗೆ ಕಚ್ಚಿಸಿದ. ಕೈಕಾಲಿಗೆ ನಾಲ್ಕು ಚಿಮಟ. ಅಲುಗಬ್ಯಾಡ ಎಂದ. ಯಂತ್ರದಿಂದ ಗುಲಾಬಿ ಬಣ್ಣದ ಚೌಕಳಿ ಕಾಗದ ಹೊರಬಂತು, ಅದರ ಮೇಲೆ ನನ್ನ ಎದೆಯ ಗೀಟು. ಆ ಕಾಗದ ಹಿಡಿದು ಬಂದ ಡಾಕ್ಟರು ಹರೆಯದ ಹೆಣ್ಣುಮಗಳು, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರಿರಬೇಕು, ನಮ್ಮ ಕಡೆಯದೇ ಮಾತು.

"ತಮ್ಮಾ, ನೋವು ಎಲ್ಲಿ ಅದ? ಒಂದು ಬೆರಳಿಲೆ ತೋರಿಸಾಕ ಬರ್ತದೇನು?"

ಎಡಗಡೆ ಒಂದು ಜಾಗ ಮುಟ್ಟಿ ತೋರಿಸಿದೆ. ಅವರು ಅಲ್ಲೇ, ಪಕ್ಕೆಲುಬು ಎದೆಯ ಮೂಳೆಗೆ ಕೂಡುವಲ್ಲಿ, ಹೆಬ್ಬೆರಳಿನಿಂದ ಒತ್ತಿದರು. ಹಾ ಎಂದೆ. ಹೃದಯದ ನೋವು ಹೀಗೆ ಒಂದು ಬೆರಳಿಗೆ ಸಿಗುವುದು ಕಡಿಮೆ ಎಂದರು. ಅದು ಎದೆಯ ನಡುವೆ ಕಲ್ಲು ಹೇರಿದಂತೆ ಒತ್ತುತ್ತದೆ, ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುತ್ತದೆ, ಬೆವರು ಇಳಿಯುತ್ತದೆ, ನಡೆದರೆ ಹೆಚ್ಚಾಗುತ್ತದೆ. ತೋರಿಸು ಎಂದರೆ ರೋಗಿ ಬೆರಳು ತೋರಿಸುವುದಿಲ್ಲ, ಮುಷ್ಟಿ ಕಟ್ಟಿ ಎದೆಯ ಮೇಲೆ ಇಡುತ್ತಾನೆ. "ಆದ್ರ ಎಲ್ಲಾರಿಗೂ ಹಂಗ ಆಗಬೇಕಂತಿಲ್ಲ. ಅದಕ್ಕ ರಕ್ತಾನೂ ನೋಡೂಣು." ಟ್ರೋಪೋನಿನ್ ಪರೀಕ್ಷೆಗೆ ರಕ್ತ ತೆಗೆಯಲು ಬರೆದರು. ಹೃದಯದ ಸ್ನಾಯು ಪೆಟ್ಟು ತಿಂದರೆ ಅದು ರಕ್ತದಲ್ಲಿ ಏರುತ್ತದಂತೆ.

ಆಮೇಲೆ ಆ ಪ್ರಶ್ನೆ ಬಂತು. "ಚಟ ಏನರ ಅದಾವೇನು? ಬೀಡಿ, ಸಿಗರೇಟ್, ಗುಟಕಾ?"

ಕಾಕಾ ನನ್ನ ತಲೆಯ ಹತ್ತಿರ ನಿಂತಿದ್ದ.

"ಇಲ್ರಿ" ಎಂದೆ.

ಅವರು ಪೆನ್ನು ಕಾಗದಕ್ಕೆ ಇಟ್ಟು ಹಾಗೇ ನಿಂತರು. "ಮನ್ಯಾಗ ಯಾರಿಗರ ಹೃದಯದ್ದು ಆಗಿತ್ತೇನು?" ಎಂದು ಕೇಳಿದರು. ಅಪ್ಪನ ಸಂಗತಿ ಕಾಕಾನೇ ಹೇಳಿದ, ಸೋಡಾದ್ದನ್ನೂ ಬಿಡದೆ. ಹೇಳಿ ಮುಗಿಸಿ ಗಂಟಲು ಸರಿಮಾಡಿಕೊಂಡು, "ನಾ ಚೀಟಿ ಮಾಡಿಸ್ಕೊಂಡ ಬರ್ತೀನ್ರೀ" ಎಂದು ಹೊರಗೆ ಹೋದ. ಬಾಗಿಲ ಪರದೆ ಅಲುಗಾಡಿ ನಿಂತಿತು.

ಡಾಕ್ಟರು ನನ್ನ ಕಡೆ ನೋಡಿದರು. "ದಿನಕ್ಕ ಎಷ್ಟು?"

"ಹತ್ತು. ಹನ್ನೆರಡು."

"ಎಷ್ಟು ವರ್ಷಾತು?"

"ಏಳು."

ಬೈಯಲಿಲ್ಲ. ಬರೆದುಕೊಂಡರು. ಆಗ ಹೇಳಿದ್ದರಲ್ಲಿ ಮೂರು ಸಂಗತಿ ಇಂದಿಗೂ ನೆನಪಿದೆ. ಒಂದು, ನಿನ್ನ ಅಪ್ಪ ಐವತ್ತೈದರ ಒಳಗೆ ಹೃದಯದಿಂದ ಹೋದದ್ದಾದರೆ ಆ ಲೆಕ್ಕ ನಿನ್ನ ಖಾತೆಗೂ ಬರುತ್ತದೆ. ಅದರ ಮೇಲೆ ಸಿಗರೇಟು ಇಟ್ಟುಕೊಳ್ಳುವುದು ಬಣವೆಯ ಬಾಜೂಕ ಬೆಂಕಿ ಇಟ್ಟಂತೆ. ಇನ್ನೊಂದು, ಹತ್ತರಿಂದ ಎರಡಕ್ಕೆ ಇಳಿಸುತ್ತೇನೆ ಎನ್ನಬೇಡ. ದಿನಕ್ಕೆ ಒಂದೇ ಸೇದಿದರೂ ಹೃದಯಕ್ಕೆ ಆಗುವ ಹೆಚ್ಚುವರಿ ಅಪಾಯ ಇಪ್ಪತ್ತು ಸೇದುವವನ ಹತ್ತಿರ ಹತ್ತಿರ ಅರ್ಧದಷ್ಟಿರುತ್ತದೆ, ಇಪ್ಪತ್ತರಲ್ಲಿ ಒಂದು ಪಾಲಲ್ಲ. ಹೊಗೆ ರಕ್ತವನ್ನು ಅಂಟಂಟು ಮಾಡಿ ಗಡ್ಡೆ ಕಟ್ಟಿಸುವುದಕ್ಕೆ ಬಹಳ ಸಿಗರೇಟು ಬೇಕಾಗಿಲ್ಲ. ಮೂರನೆಯದು ಇಸಿಜಿ ಕಾಗದ ಮಡಚುತ್ತ ಹೇಳಿದ್ದು: "ಇದು ನಾರ್ಮಲ್ ಅದ. ಆದ್ರ ಈ ಕಾಗದ ಹತ್ತು ಸೆಕೆಂಡಿನ ಮಾತು ಹೇಳ್ತದ ತಮ್ಮಾ. ನಿನ್ನ ಎದಿ ಮಲಗಿದಾಗ ಹತ್ತು ಸೆಕೆಂಡು ಹೆಂಗಿತ್ತು, ಅಷ್ಟ."

ನಸುಕಿಗೆ ರಕ್ತದ ರಿಪೋರ್ಟು ಬಂತು. ಅದೂ ನಾರ್ಮಲ್. ಚಾಟ್ನಿಯಲ್ಲಿ ವಾರಗಟ್ಟಲೆ ಕೈ ಎತ್ತಿ ಪಕ್ಕೆಯ ಕೀಲು ನೊಂದಿದೆ, ಹೊಟ್ಟೆಯ ಹುಳಿ ಮೇಲೆ ಬರುತ್ತಿದೆ, ಉಳಿದದ್ದು ಗಾಬರಿ ಎಂದರು. ಆ ಹುಳಿಗೂ ಸಿಗರೇಟಿಗೂ ನಂಟಿದೆ. ಹೊಟ್ಟೆಯ ಮೇಲಿನ ಬಾಯಿಯ ಬಿಗಿಯನ್ನು ನಿಕೋಟಿನ್ ಸಡಿಲು ಮಾಡುತ್ತದೆ. ಗುಳಿಗೆ ಬರೆದುಕೊಟ್ಟು, ಕೊಬ್ಬಿನ ಪರೀಕ್ಷೆ ಮಾಡಿಸಲು ಹೇಳಿದರು.

ನಾರ್ಮಲ್ ಎಂಬ ಶಬ್ದದಷ್ಟು ಕೆಟ್ಟದ್ದು ನನ್ನ ಪಾಲಿಗೆ ಇನ್ನೊಂದು ಇರಲಿಲ್ಲ. ಕಾಕಾ ಗಾಡಿ ತರಲು ಹೋದ. ಗೇಟಿನ ಹೊರಗೆ ಆಗಷ್ಟೇ ತೆರೆದ ಅಂಗಡಿಯ ಮುಂದೆ ಖುಷಿಗೆ ಒಂದು ಸಿಗರೇಟು ಹಚ್ಚಿದೆ. ಬಿಡಿ ಸಿಗರೇಟು ಮಾರಬಾರದೆಂದು ಕಾಯ್ದೆ ಇದೆ. ಬೆಳಗಿನ ಆರು ಗಂಟೆಗೆ ಕಾಯ್ದೆ ಇನ್ನೂ ಎದ್ದಿರಲಿಲ್ಲ. ಬೆಂಚಿನ ಮೇಲೆ ನನ್ನ ಜೊತೆ ಕೂತಿದ್ದ ಹುಡುಗರಲ್ಲಿ ಇಬ್ಬರು ಅಲ್ಲೇ ಇದ್ದರು. ಅವರದೂ ನಾರ್ಮಲ್. ಮೂವರೂ ಒಂದೇ ಲೈಟರಿನಿಂದ ಹಚ್ಚಿಕೊಂಡೆವು.

ಎರಡು ತಿಂಗಳು ಕಾಕಾ ಏನೂ ಕೇಳಲಿಲ್ಲ. ಸೇದುವುದು ನಡೆದೇ ಇತ್ತು, ಹೆದರಿಕೆಯಷ್ಟೇ ಹೋಗಿತ್ತು. 2022ರ ಜನವರಿ 2, ಆದಿತ್ಯವಾರ ಎಳ್ಳಮಾಸಿ. ಹೊಲಕ್ಕೆ ಚರಗ ಚೆಲ್ಲಿ ಬಂದು, ಸಜ್ಜಿ ಕಡಬು, ಪುಂಡಿಪಲ್ಲೆ, ಎಣ್ಣೆಗಾಯಿ ಹೊಡೆದು ಗಿಡದ ನೆರಳಿಗೆ ಅಡ್ಡಾಗಿದ್ದೆವು. ಕಾಕಾ ಚಂಚಿ ಬಿಚ್ಚಿ ಅಂಗೈಯಲ್ಲಿ ತಂಬಾಕು ತಿಕ್ಕುತ್ತ, ನನ್ನ ಕಡೆ ನೋಡದೆ ಅಂದ:

"ಬಾಜೂದವರು ಬೈಲಾಕತ್ತಾರ. ಅವರ ಲಿಂಬಿ ಗಿಡ ನಮ್ಮ ಕಡಿ ಮಗ್ಗಲಾ ಬೋಳ ಆಗ್ಯಾದಂತ."

ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ.

"ನಮ್ಮ ತ್ವಾಟದಾಗ ಲಿಂಬಿ ಗಿಡ ಒಂದೂ ಇಲ್ಲ. ಆ ರಾತ್ರಿ ನನ್ನ ಹೆಗಲ ಮ್ಯಾಲ ಟಿಕೋಟಾದಿಂದ ದವಾಖಾನಿ ತನಕ ಲಿಂಬಿ ವಾಸನಿ."

ಮತ್ತೇನೂ ಅನ್ನಲಿಲ್ಲ. ತಂಬಾಕು ತುಟಿಯಲ್ಲಿ ಇಟ್ಟುಕೊಂಡು ಅತ್ತ ಹೊರಳಿದ. ಸೇದಬೇಡ ಎನ್ನುವ ಹಕ್ಕು ತುಟಿಯಲ್ಲಿ ತಂಬಾಕು ಇಟ್ಟುಕೊಂಡವನಿಗೆ ಇಲ್ಲ ಎಂದು ಅವನಿಗೆ ಅನಿಸಿತ್ತೋ ಏನೋ. ನನಗೆ ಮಾತ್ರ ಸಂಕಟವಾದದ್ದು ಬೇರೆ ಕಾರಣಕ್ಕೆ. ಸಾಯುವ ಹೊತ್ತು ಎಂದು ಅಣ್ಣನ ಮಗನನ್ನು ಹೊತ್ತು ಓಡುತ್ತಿದ್ದ ಮನುಷ್ಯನ ಹೆಗಲಿಗೆ ನಾನು ಸುಳ್ಳನ್ನು ಒರೆಸಿಕೊಂಡು ಹೋಗಿದ್ದೆ.

ಜೇಬಿನಲ್ಲಿದ್ದ ಪಾಕೀಟು ತೆಗೆದೆ. ಅದರ ಮೇಲಿನ ಗಂಟಲು ಹುಣ್ಣಿನ ಚಿತ್ರದ ಕೆಳಗೆ ಒಂದು ನಂಬರು ಇರುತ್ತದೆ, 1800-11-2356. ಅಷ್ಟು ವರ್ಷ ಹೆಬ್ಬೆರಳು ಅದರ ಮೇಲೆಯೇ ಇದ್ದರೂ ಓದಿರಲಿಲ್ಲ. ಆ ವಾರವೇ ಒಂದು ದಿನ ಪಂಪ್‌ಸೆಟ್ಟಿನ ಹಿಂದೆ ನಿಂತು ಫೋನು ಹಚ್ಚಿದೆ. ಕನ್ನಡದಲ್ಲೇ ಮಾತಾಡಿದರು. ಯಾವ ಹೊತ್ತಿಗೆ ಸೇದ್ತೀರಿ, ಯಾರ ಜೊತೆ, ಸೇದುವ ಮುಂಚೆ ಏನು ಮಾಡ್ತೀರಿ, ಆಮೇಲೆ ಏನು ಮಾಡ್ತೀರಿ ಎಂದು ಒಂದೊಂದೇ ಕೇಳಿದರು. ಆಮೇಲೆ ಲಿಂಬಿ ಎಲೆ ತಿಕ್ಕುತ್ತೇನೆ ಎಂದೆ. ಆ ಕಡೆಯವರು ಒಂದು ಗಳಿಗೆ ಸುಮ್ಮನಿದ್ದು, ಹಾಗಾದರೆ ಆ ಗಿಡದ ಕಡೆ ಹೋಗುವುದನ್ನೂ ಬಿಡಿ ಎಂದರು. ಒಂದು ದಿನ ಗೊತ್ತುಮಾಡಿಕೊಳ್ಳಿ ಎಂದಾಗ ಸಂಕ್ರಾಂತಿ ಎಂದೆ.

ಮೊದಲ ಮೂರು ದಿನ ನರಕ. ಊರೆಲ್ಲ ಸಿದ್ಧೇಶ್ವರ ಜಾತ್ರೆಗೆ ಹೊರಟು ನಿಲ್ಲುವ ಕಾಲದಲ್ಲಿ ನಾನು ಬಾಗಿಲು ಹಾಕಿಕೊಂಡು ಅವ್ವನ ಮೇಲೆ ರೇಗುತ್ತಿದ್ದೆ. ಬಿಟ್ಟ ಮೇಲೆ ಕೆಮ್ಮು ಕಡಿಮೆಯಾಗಬೇಕಲ್ಲ, ಹೆಚ್ಚಾಯಿತು! ಎದೆಯ ಗೂಡು ತನ್ನ ಕಸ ತಾನು ಗುಡಿಸಿಕೊಳ್ಳುವಾಗ ಹಾಗಾಗುತ್ತದೆ ಎಂದು ಫೋನಿನವರು ಮೊದಲೇ ಹೇಳಿದ್ದರು, ಇಲ್ಲದಿದ್ದರೆ ಸೇದಿದರೇ ಕೆಮ್ಮು ನಿಲ್ಲುತ್ತದೆಂದು ಮತ್ತೆ ಹಿಡಿಯುತ್ತಿದ್ದೆ. ಪಾಕೀಟು ಇರುತ್ತಿದ್ದ ಜೇಬಿಗೆ ನಮ್ಮದೇ ಒಣದ್ರಾಕ್ಷಿ ತುಂಬಿಕೊಂಡೆ. ಕೈ ಅತ್ತ ಹೋದಾಗಲೆಲ್ಲ ಒಂದೊಂದು. ಮೂರು ವಾರಕ್ಕೆ ರಾತ್ರಿ ನಿದ್ದೆ ಬಂತು. ಎರಡು ಕಿಲೋ ತೂಕವೂ ಬಂತು.

ಒಂದು ಸಲ ಜಾರಿದೆ. 2023ರ ಜನವರಿ 3. ಹಿಂದಿನ ಸಂಜೆ ಸಿದ್ಧೇಶ್ವರ ಸ್ವಾಮೀಜಿ ಲಿಂಗೈಕ್ಯರಾಗಿದ್ದರು. ನಮ್ಮ ಟಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದವರು. ಸೈನಿಕ 	ಶಾಲೆಯ ಮೈದಾನದಲ್ಲಿ ದರ್ಶನಕ್ಕೆ ಲಕ್ಷಗಟ್ಟಲೆ ಜನ. ತಾಸುಗಟ್ಟಲೆ ನಿಂತು ಹೊರಬಂದಾಗ ಹಳೆಯ ರೂಮಿನ ಗೆಳೆಯನೊಬ್ಬ ಸಿಕ್ಕು, ಮಾತಿಲ್ಲದೆ ಒಂದು ಚಾಚಿದ. ಜೇಬಿಲ್ಲದ ಅಂಗಿ ತೊಟ್ಟು ಬದುಕಿದವರನ್ನು ನೋಡಿ ಬಂದು ಐದು ನಿಮಿಷಕ್ಕೆ ನಾನು ಅದನ್ನು ಬಾಯಿಗೆ ಇಟ್ಟುಕೊಂಡೆ. ತಲೆ ಗಿರ್ ಎಂದಿತು, ಬಾಯಿ ಸುಟ್ಟ ಅರಿವೆಯಂತಾಯಿತು. ಅರ್ಧಕ್ಕೆ ತುಳಿದೆ. ಅದಾದ ಮೇಲೆ ಇಲ್ಲ.

ಇಷ್ಟು ಹೇಳುವಷ್ಟರಲ್ಲಿ ಕೆಂಡ ಬೂದಿಯಾಗಿತ್ತು. ಭಾವ ತಂದ ತೆನೆಗಳನ್ನು ಸುಡಲು ಮತ್ತೆ ಕುಳ್ಳು ಹಾಕಬೇಕಾಯಿತು. ಅಳಿಯ ಮೆಲ್ಲಗೆ, ಹೋದ ಬ್ಯಾಸಗಿ ದಾಟಿದ ಮೇಲೆ ಹಾಸನದ ಸುದ್ದಿ ನೋಡಿದಾಗಿನಿಂದ ಹೀಗಾಗುತ್ತಿದೆ ಎಂದ. 2025ರ ಜೂನ್-ಜುಲೈನಲ್ಲಿ ಹಾಸನದಲ್ಲಿ ಹರೆಯದವರು ಎದೆ ಹಿಡಿದುಕೊಂಡು ಬಿದ್ದ ಸುದ್ದಿಗಳು ಸಾಲಾಗಿ ಬಂದು, ಜಯದೇವದ ಮುಂದೆ ಮತ್ತೆ ಅದೇ ಸಾಲು ನಿಂತಿತ್ತಲ್ಲ, ಆಗಿನಿಂದ. ನಾಲ್ಕು ವರ್ಷದ ಹಿಂದೆ ನಾನು ಟಿವಿ ಮುಂದೆ ಕೂತು ಲಕ್ಷಣ ಕೂಡಿಸಿಕೊಂಡಂತೆ ಇವನು ಮೊಬೈಲಿನಲ್ಲಿ ಕೂಡಿಸಿಕೊಂಡಿದ್ದ. ಹಾಗೆಂದು ಗಾಬರಿ ಎಂದು ತಳ್ಳಿಹಾಕಲಿಕ್ಕೆ ನಾನಾರು? ನನ್ನ ಅಪ್ಪ ಅವನ ಅಜ್ಜ. ಎದೆ ಒತ್ತಿ ಬೆವರು ಬಂದರೆ ಸೋಡಾ ಗೀಡಾ ಎನ್ನದೆ ಇದ್ದಲ್ಲಿಂದ ಸೀದಾ ತಾಲೂಕು ಆಸ್ಪತ್ರೆಗೆ ಹೋಗು ಎಂದೆ. ಈಗ ಪುನೀತ್ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಬಂದಿದೆ, ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಾದರೆ ಗಡ್ಡೆ ಕರಗಿಸುವ ಇಂಜೆಕ್ಷನ್ನು ಪುಕ್ಕಟೆ ಕೊಡುತ್ತಾರೆ. ಅಷ್ಟರ ಮಟ್ಟಿಗೆ ನೋವು ಇಲ್ಲದಿದ್ದರೂ ನಾಳೆ ನನ್ನ ಜೊತೆ ವಿಜಯಪುರಕ್ಕೆ ನಡಿ ಎಂದೆ.

"ಡಾಕ್ಟರ್ರು ಚಟ ಕೇಳ್ತಾರೇನು ಮಾಮಾ?"

"ಕೇಳ್ತಾರ."

ಅವನು ತೆನೆಯ ಹೊಟ್ಟು ಊದುತ್ತ ಕೂತ. ಆಗ ನನಗೊಂದು ಹೊಳೆಯಿತು. ಕಥೆ ಹೇಳುತ್ತ ಹೇಳುತ್ತ ಆ ರಾತ್ರಿಯ ಕೋಣೆ ಕಣ್ಣೆದುರು ಬಂದಿತ್ತು: ಡಾಕ್ಟರು, ಪೆನ್ನು, ಪೆನ್ನಿನ ಕೆಳಗಿನ ಕಾಗದ. ಆ ಕಾಗದವೇ ಚೀಟಿ. ಒಳಗೆ ಬರುವ ಮೊದಲೇ ಕೌಂಟರಿನಲ್ಲಿ ಕಾಕಾ ಅದನ್ನು ಮಾಡಿಸಿಕೊಟ್ಟಿದ್ದ. ಮತ್ತೆ ಮಾಡಿಸಲು ಯಾವ ಚೀಟಿಯೂ ಇರಲಿಲ್ಲ.

ಮರುದಿನ ಅಳಿಯನನ್ನು ಕರೆದುಕೊಂಡು ಹೋದೆ. ಹೆಸರು, ವಯಸ್ಸು ಬರೆಸಿ, ಡಾಕ್ಟರು ತಲೆ ಎತ್ತುವ ಹೊತ್ತಿಗೆ ಎದ್ದು ಹೊರಗೆ ಬಂದೆ. ಒಳಗೆ ಇಪ್ಪತ್ತು ನಿಮಿಷ ಹಿಡಿಯಿತು. ಏನು ಮಾತಾಯಿತೆಂದು ನಾನು ಇದುವರೆಗೆ ಕೇಳಿಲ್ಲ.